ಎಲ್ಲರ ಮೊಣಕಾಲಿಗೂ ಒಂದೇ ಗುಳಿಗೆ ಯಾಕಲ್ಲ

ಮೊಣಕಾಲು ಸವೆತಕ್ಕೆ ಎಕ್ಸ್‌ರೇ ನೋಡುವ ಮೊದಲು ಕೇಳಬೇಕಾದ ಮಾತು ಒಂದಿದೆ: ದಿನಕ್ಕೆ ಎಷ್ಟು ಹೊತ್ತು ನೆಲಕ್ಕೆ ಕೂರುತ್ತೀರಿ, ಏಳುವಾಗ ಏನು ಹಿಡಿದು ಏಳುತ್ತೀರಿ? ಎಕ್ಸ್‌ರೇಯಲ್ಲಿ ಸಂದು ಪೂರ್ತಿ ಸವೆದಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ, ಸ್ವಲ್ಪವೇ ಸವೆದು ನಿದ್ದೆಗೆಟ್ಟವರೂ ಇದ್ದಾರೆ.

ಕಲಬುರಗಿ ಕಡೆ ನೆಲದ ಮೇಲೆ ಕೂತು ರಾಶಿ ರೊಟ್ಟಿ ಬಡಿಯುವ ಹೆಂಗಸಿಗೆ ಮೊದಲ ಔಷಧಿ ಅಂದರೆ ಒಲೆಯನ್ನು ಕಟ್ಟೆ ಮೇಲೆ ಏರಿಸುವುದು. ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವವರಿಗೆ ಅದರಿಂದೇನು ಬಂತು? ಅವರಿಗೆ ನಿಂತೇ ಕಳೆ ತೆಗೆಯುವಂಥ ಉದ್ದ ಹಿಡಿಕೆಯ ಸಲಕರಣೆ ಬೇಕು. ಪಾಯಖಾನೆಗೆ ಕಮೋಡ್ ಕುರ್ಚಿ ಮಾತ್ರ ಇಬ್ಬರಿಗೂ ಬೇಕು.

ವ್ಯಾಯಾಮ ಯಾರಿಗೂ ತಪ್ಪಿದ್ದಲ್ಲ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಟವೆಲ್ ಸುತ್ತಿ ಇಟ್ಟು, ಮೊಣಕಾಲಿನಿಂದಲೇ ಅದನ್ನು ಕೆಳಕ್ಕೆ ಒತ್ತಿ. ತೊಡೆ ಮುಟ್ಟಿದರೆ ಗಟ್ಟಿ ಹತ್ತಬೇಕು. 5 ಸೆಕೆಂಡ್ ಹಿಡಿದು ಬಿಡಿ. 10 ಸಲ, ದಿನಕ್ಕೆ ಎರಡು ಹೊತ್ತು. ಉಸಿರು ಕಟ್ಟಬೇಡಿ, ಬಿಪಿ ಏರುತ್ತದೆ. ನೋವು ಮರುದಿನ ಬೆಳಿಗ್ಗೆಯೂ ಉಳಿದರೆ ಲೆಕ್ಕ ಅರ್ಧ ಮಾಡಿ, ನಿಲ್ಲಿಸಬೇಡಿ. ಸ್ನಾಯು ಬಲಿಯಲು ಆರೆಂಟು ವಾರ ಬೇಕು, ಬಹಳ ಮಂದಿ ನಾಲ್ಕೇ ದಿನಕ್ಕೆ ಕೈಬಿಡುತ್ತಾರೆ.

ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸಮವಿರಲಿ. ತೂಕ ಹೆಚ್ಚಿದ್ದವರು 1 ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮೊಣಕಾಲ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ.

ಔಷಧಿಯಲ್ಲಿ ಮೊದಲು ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್. ಶೇ 1ರ ಜೆಲ್ ಆದರೆ ಒಂದು ಮೊಣಕಾಲಿಗೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ 4 ಸಲ. ಆ ಲೆಕ್ಕಕ್ಕೆ 30 ಗ್ರಾಂ ಟ್ಯೂಬ್ ಎರಡು ದಿನಕ್ಕೂ ಸಾಲದು. ಕಡಲೆಕಾಳಿನಷ್ಟು ಹಚ್ಚಿ ತಿಂಗಳು ತಳ್ಳುವವರು "ಜೆಲ್ಲಿನಿಂದ ಏನೂ ಆಗಲಿಲ್ಲ" ಅನ್ನುತ್ತಾರೆ. ನೋವಿನ ಗುಳಿಗೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಆಗಿಬರುವುದಿಲ್ಲ. ಬಿಪಿ ಗುಳಿಗೆಯ ಜೊತೆ ಮೂತ್ರ ಹೋಗಿಸುವ ಗುಳಿಗೆಯನ್ನೂ ನುಂಗುವವರು ನಮ್ಮ ಮೇ ತಿಂಗಳ ಬಿಸಿಲಲ್ಲಿ ದುಡಿದು, ನೀರು ಕಡಿಮೆ ಕುಡಿದು, ಮೇಲೆ ನೋವಿನ ಗುಳಿಗೆಯನ್ನೂ ನುಂಗಿದರೆ ಕಿಡ್ನಿಗೇ ಪೆಟ್ಟು. ಮೆಡಿಕಲ್ ಅಂಗಡಿಯಲ್ಲಿ ಇದನ್ನೆಲ್ಲ ಕೇಳುವವರಿಲ್ಲ.

ಕೀಲಿಗೆ ಹಾಕುವ ಸ್ಟೀರಾಯ್ಡ್ ಸೂಜಿಯ ಗುಣ ಕೆಲವು ವಾರ ಮಾತ್ರ. ಸಕ್ಕರೆ ಕಾಯಿಲೆಯವರಿಗೆ ಕೆಲ ದಿನ ಶುಗರ್ ಏರುತ್ತದೆ, ಮನೆಯಲ್ಲೇ ನೋಡಿಕೊಳ್ಳುತ್ತಿರಬೇಕು. ಮೂರು ತಿಂಗಳೊಳಗೆ ಅದೇ ಕೀಲಿಗೆ ಮತ್ತೆ ಬೇಡ. ಕೀಲು ಸವೆತಕ್ಕೆಂದು ಮಾರುವ ಗ್ಲೂಕೋಸಮೈನ್ ಗುಳಿಗೆ ಡಬ್ಬಿಯ ದುಡ್ಡು ಕಮೋಡ್ ಕುರ್ಚಿಗೆ ಹಾಕಿ. ಮೊಣಕಾಲು ಒಮ್ಮೆಲೇ ಕೆಂಪಗೆ ಬಿಸಿಯಾಗಿ ಊದಿ ಜ್ವರ ಬಂದರೆ ಅದು ಸವೆತವಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.