ಅಡುಗೆಮನೆಗೂ ಕೇಳಿಸುವಂತೆ

ತಿಂಗಳಿಗೊಂದು ಕಾದಂಬರಿ ಓದಿ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಆ ಮನೆಯವರು ಮಾಡಿದ ಅಡುಗೆಯನ್ನು ಉಣ್ಣುತ್ತ ಅದರ ಬಗ್ಗೆ ಮಾತನಾಡುವ ಒಂದು ಕೂಟವನ್ನು ನಾವು ಒಂಬತ್ತು ಮಂದಿ ಮೂರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಓದುವುದು ಸುಖ, ಉಣ್ಣುವುದು ಸುಖ, ಎರಡನ್ನೂ ಒಂದೇ ಸಂಜೆಗೆ ಕೂಡಿಸಿದರೆ ಇಮ್ಮಡಿ ಸುಖ ಎಂಬುದು ಆರಂಭದಲ್ಲಿ ನಮ್ಮೆಲ್ಲರ ಲೆಕ್ಕಾಚಾರವಾಗಿತ್ತು. ಮೊದಲ ಏಳೆಂಟು ತಿಂಗಳು ಕಳೆದ ಮೇಲೆ ಆ ಲೆಕ್ಕದಲ್ಲಿದ್ದ ತಪ್ಪು ಕಣ್ಣಿಗೆ ಬಿತ್ತು. ಪ್ರತಿ ತಿಂಗಳೂ ನಮ್ಮಲ್ಲಿ ಒಬ್ಬರು ಚರ್ಚೆಯಲ್ಲಿ ಇರುತ್ತಲೇ ಇರಲಿಲ್ಲ. ಅವರು ಅಡುಗೆಮನೆಯಲ್ಲಿರುತ್ತಿದ್ದರು.

ಇದು ನನಗೆ ಅರ್ಥವಾದದ್ದು ನನ್ನದೇ ಸರದಿ ಬಂದ ದಿನ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬೇಳೆ ಮತ್ತು ತರಕಾರಿ ಕುದಿಯುತ್ತಿದ್ದವು, ನಾನು ಸೌಟು ಹಿಡಿದು ನಿಂತಿದ್ದೆ, ಗೋಡೆಯಾಚೆ ಎಂಟು ಮಂದಿ ಆ ತಿಂಗಳ ಕಾದಂಬರಿಯ ನಿರೂಪಕ ಹೇಳುವುದನ್ನು ನಂಬಬಹುದೇ ಎಂದು ವಾದಿಸುತ್ತಿದ್ದರು. ಆ ವಾದವನ್ನು ಒಂದೇ ಏಟಿಗೆ ತೀರ್ಮಾನಿಸಬಲ್ಲ ಸಾಲೊಂದಕ್ಕೆ ನಾನು ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿದ್ದೆ. ಇದ್ದಲ್ಲಿಂದಲೇ ಕೂಗಿ ಹೇಳಿದೆ, ಯಾರಿಗೂ ಕೇಳಿಸಲಿಲ್ಲ. ಕೊನೆಗೆ ತಡೆಯಲಾರದೆ, ತೊಟ್ಟಿಕ್ಕುತ್ತಿದ್ದ ಸೌಟಿನ ಕೆಳಗೆ ಎಡಗೈ ಒಡ್ಡಿಕೊಂಡು ಹೊರಗೆ ಹೋಗಿ ನಿಂತು ವಾದಕ್ಕಿಳಿದೆ. ಐದು ನಿಮಿಷ ಎಂದುಕೊಂಡದ್ದು ಹದಿನೈದಾಗಿತ್ತೆಂದು ತಿಳಿಸಿದ್ದು ಸೀದ ವಾಸನೆ. ತಳ ಹಿಡಿದ ಪಾತ್ರೆಯನ್ನು ಕಲಕದೆ ಮೇಲಿನದನ್ನಷ್ಟೇ ಬೇರೊಂದಕ್ಕೆ ಬಗ್ಗಿಸಿ ಬಡಿಸಿದೆ. ಒಬ್ಬರು ಮೊದಲ ತುತ್ತು ಬಾಯಿಗಿಟ್ಟು, ಸ್ವಲ್ಪ ಯೋಚಿಸಿ, ಹೊಗೆಯ ಪರಿಮಳ ವಿಶೇಷವಾಗಿದೆ ಎಂದರು. ಸುಳ್ಳು ಹೇಳುವ ನಿರೂಪಕನನ್ನು ಅರ್ಧ ಗಂಟೆ ಜಾಲಾಡಿದ ಗುಂಪಿನಿಂದ ಅಂಥ ಮಾತು ಬಂದದ್ದನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಮೊದಲು ಊಟವೋ ಮೊದಲು ಮಾತೋ ಎಂಬ ಪ್ರಶ್ನೆಯನ್ನು ಆ ರಾತ್ರಿಯ ನಂತರ ನಾವು ಗಂಭೀರವಾಗಿಯೇ ಎತ್ತಿಕೊಂಡೆವು. ಪ್ರಶ್ನೆ ನಮ್ಮ ಕೂಟಕ್ಕಿಂತ ಬಹಳ ಹಳೆಯದು. ಪ್ರಾಚೀನ ಗ್ರೀಕ್ ತತ್ವಜ್ಞಾನಿ ಪ್ಲೇಟೋನ ‘ಸಿಂಪೋಸಿಯಂ’ ಎಂಬ ಸಂವಾದದಲ್ಲಿ ಅಗಥಾನನ ಮನೆಗೆ ಬಂದ ಅತಿಥಿಗಳು ಮೊದಲು ಊಟ ಮುಗಿಸುತ್ತಾರೆ, ಆಮೇಲೆ ಪ್ರೇಮದ ಬಗ್ಗೆ ಒಬ್ಬರಾದ ಮೇಲೊಬ್ಬರು ಮಾತನಾಡುತ್ತಾರೆ. ಅಚ್ಚುಕಟ್ಟಾದ ಏರ್ಪಾಡು ಎನಿಸುತ್ತದೆ. ಆದರೆ ನಾಟಕಕಾರ ಅರಿಸ್ಟೋಫನೀಸ್‌ನ ಸರದಿ ಬರುವ ಹೊತ್ತಿಗೆ ಅವನಿಗೆ ಬಿಕ್ಕಳಿಕೆ ಹಿಡಿದಿರುತ್ತದೆ, ಹೊಟ್ಟೆ ಬಿರಿಯುವಷ್ಟು ಉಂಡದ್ದೇ ಕಾರಣವಿರಬಹುದೆಂಬ ಸೂಚನೆಯೂ ಅಲ್ಲಿದೆ, ಅವನ ಬದಲಿಗೆ ಪಕ್ಕದಲ್ಲಿದ್ದ ವೈದ್ಯ ಮಾತನಾಡಬೇಕಾಗುತ್ತದೆ. ನಾವು ಊಟವನ್ನು ಮೊದಲಿಟ್ಟ ಎರಡು ತಿಂಗಳಲ್ಲಿ ಬಿಕ್ಕಳಿಕೆ ಯಾರಿಗೂ ಬರಲಿಲ್ಲವಾದರೂ ಆಕಳಿಕೆ ಎಲ್ಲರಿಗೂ ಬಂತು. ಮಾತನ್ನು ಮೊದಲಿಟ್ಟಾಗ ಇನ್ನೊಂದು ತೊಂದರೆ: ಒಂದು ಗಂಟೆ ಕಳೆಯುತ್ತಿದ್ದಂತೆ ಎಲ್ಲರ ಕಿವಿ ಪಾತ್ರೆಗಳ ಸದ್ದಿನ ಕಡೆಗೆ ತಿರುಗುತ್ತಿತ್ತು, ಮುಗಿದರೆ ಸಾಕೆಂದು ಪರಸ್ಪರ ಒಪ್ಪಿಕೊಳ್ಳುವುದು ಹೆಚ್ಚಾಗುತ್ತಿತ್ತು. ಹಸಿದವರ ಒಮ್ಮತವನ್ನು ನಾನಂತೂ ನಂಬುವುದಿಲ್ಲ.

ಹಾಗಾಗಿ ಉಳಿದದ್ದು ಮೂರನೆಯ ದಾರಿ, ಉಣ್ಣುತ್ತಲೇ ಮಾತನಾಡುವುದು. ಅದು ನಡೆಯಬೇಕಾದರೆ ಅಡುಗೆ ಮಾಡಿದವರೂ ಮೇಜಿನ ಮುಂದೆ ಇರಬೇಕು. ಮೊದಲ ಅತಿಥಿ ಬಾಗಿಲು ತಟ್ಟುವ ಹೊತ್ತಿಗೆ ಒಲೆ ಆರಿರಬೇಕು ಎಂಬ ಒಂದೇ ನಿಯಮವನ್ನು ನಾವು ಮಾಡಿಕೊಂಡದ್ದು ಇದಕ್ಕಾಗಿ. ಕೇಳುವುದಕ್ಕೆ ಸಣ್ಣದು, ಆದರೆ ಅಡುಗೆಯ ಸ್ವರೂಪವನ್ನೇ ಅದು ಬದಲಿಸಿಬಿಟ್ಟಿತು. ಬಿಸಿಬಿಸಿಯಾಗಿ ಒಂದೊಂದನ್ನೇ ಕರಿದು ತಂದು ಹಾಕುವಂಥವು, ಬಾಣಲೆಯಿಂದ ನೇರ ತಟ್ಟೆಗೆ ಬರಬೇಕಾದಂಥವು ಎಲ್ಲವೂ ಪಟ್ಟಿಯಿಂದ ಹೊರಬಿದ್ದವು. ಸಣ್ಣ ಉರಿಯಲ್ಲಿ ಬೆಂದು, ಇಳಿಸಿಟ್ಟ ಮೇಲೆ ಒಂದೆರಡು ಗಂಟೆ ಕುಳಿತಷ್ಟೂ ರುಚಿ ಕೂಡಿಕೊಳ್ಳುವಂಥವು, ತಣ್ಣಗಿದ್ದರೂ ನಡೆಯುವಂಥವು ಉಳಿದವು. ಮಧ್ಯೆ ಎದ್ದು ಹೋಗಬೇಕಾದದ್ದು ನೀರಿನ ಜಗ್ ತುಂಬಿಸುವುದಕ್ಕೆ ಮಾತ್ರ, ಆ ಕೆಲಸವನ್ನು ಅತಿಥಿಗಳೇ ಮಾಡುತ್ತಾರೆ. ಉಪ್ಪು ಕಡಿಮೆಯಾದರೆ ಮೇಜಿನ ಮೇಲಿದೆ.

ಅಡುಗೆಯವರು ಮೇಜಿನ ಮುಂದೆ ಬಂದು ಕುಳಿತದ್ದರಿಂದ ಚರ್ಚೆಯೇ ಬೇರೆಯಾಗುತ್ತದೆಂದು ನಾವು ಯಾರೂ ನಿರೀಕ್ಷಿಸಿರಲಿಲ್ಲ. ವರ್ಜೀನಿಯಾ ವುಲ್ಫ್ ಅವರ ‘ಟು ದಿ ಲೈಟ್‌ಹೌಸ್’ ಕಾದಂಬರಿಯನ್ನು ಎತ್ತಿಕೊಂಡ ತಿಂಗಳು ಇದು ಸ್ಪಷ್ಟವಾಯಿತು. 1927ರಲ್ಲಿ ಪ್ರಕಟವಾದ ಈ ಕೃತಿಯ ಮೊದಲ ಭಾಗದ ಕೊನೆಯಲ್ಲಿ ಶ್ರೀಮತಿ ರ‍್ಯಾಮ್ಸೆಯ ಮನೆಯ ದೊಡ್ಡ ಊಟವಿದೆ. ಗೋಮಾಂಸವನ್ನು ವೈನಿನಲ್ಲಿ ನಿಧಾನವಾಗಿ ಬೇಯಿಸಿದ ಫ್ರೆಂಚ್ ಖಾದ್ಯ ಅಂದಿನ ಮುಖ್ಯ ಆಕರ್ಷಣೆ. ಆ ತಿಂಗಳ ಸರದಿಯವರು ಮಾಂಸದ ಬದಲು ಅಣಬೆ ಹಾಕಿ, ಅದೇ ಬಗೆಯಲ್ಲಿ ಮಂದ ಉರಿಯ ಮೇಲೆ ಮಧ್ಯಾಹ್ನವೆಲ್ಲ ಬೇಯಿಸಿದ್ದರು. ಬಡಿಸುತ್ತ ಬಡಿಸುತ್ತ ಅವರು ಒಂದು ಮಾತು ಹೇಳಿದರು: ಖಾದ್ಯ ಸಿದ್ಧವಾದ ಕ್ಷಣದಲ್ಲೇ ಮೇಜಿಗೆ ಬರಬೇಕು, ಅದನ್ನು ಕಾಯಿಸುವಂತೆಯೇ ಇಲ್ಲ ಎಂದು ಶ್ರೀಮತಿ ರ‍್ಯಾಮ್ಸೆ ಚಡಪಡಿಸುತ್ತಾಳಲ್ಲ, ಅದು ಅಡುಗೆ ಗೊತ್ತಿದ್ದವರ ಆತಂಕವಲ್ಲ. ಇಷ್ಟು ನಿಧಾನವಾಗಿ ಬೆಂದದ್ದು ಅರ್ಧ ಗಂಟೆ ಕಾದರೆ ಕೆಡುವುದಿಲ್ಲ, ಇನ್ನಷ್ಟು ಚೆನ್ನಾಗಿಯೇ ಆಗುತ್ತದೆ. ಕಾಯಲಾರದವಳು ಆಕೆ, ಪಾತ್ರೆಯಲ್ಲ.

ನಾನು ಆ ಪುಟಗಳನ್ನು ಎರಡು ಸಲ ಓದಿದ್ದೆ, ನನಗಿದು ಹೊಳೆದಿರಲಿಲ್ಲ. ಅಲ್ಲಿಂದ ಮಾತು ಎಲ್ಲಿಗೋ ಹೋಯಿತು. ಆ ಅವಸರ ಪಾತ್ರದ್ದೋ ಲೇಖಕಿಯದ್ದೋ ಎಂದು ಒಬ್ಬರು ಕೇಳಿದರು. ಎಲ್ಲರನ್ನೂ ಒಂದೇ ಹೊತ್ತಿನಲ್ಲಿ ಒಂದೇ ಮೇಜಿಗೆ ಕೂಡಿಸಿ ಆ ಗಳಿಗೆಯನ್ನು ಹಿಡಿದಿಡಬೇಕೆಂದು ಹಂಬಲಿಸುವ ಹೆಂಗಸು ತನ್ನ ಆತಂಕವನ್ನು ಪಾತ್ರೆಯ ಮೇಲೆ ಹೇರುತ್ತಿದ್ದಾಳೆ ಎಂದು ಇನ್ನೊಬ್ಬರು ಹೇಳಿದರು. ಅಷ್ಟರಲ್ಲಿ ಅಡುಗೆ ಮಾಡಿದವರೇ ಪುಸ್ತಕ ತೆರೆದು ಮತ್ತೊಂದನ್ನು ತೋರಿಸಿದರು. ಖಾದ್ಯವನ್ನು ಹೊಗಳಿದಾಗ ಶ್ರೀಮತಿ ರ‍್ಯಾಮ್ಸೆ ಅದು ತನ್ನ ಅಜ್ಜಿಯ ಕಾಲದ ಫ್ರೆಂಚ್ ಪಾಕವೆಂದು ಸಂಭ್ರಮದಿಂದ ಹೇಳಿಕೊಳ್ಳುತ್ತಾಳೆ. ಆದರೆ ಅದಕ್ಕಾಗಿ ಮೂರು ದಿನ ಹೆಣಗಿದವಳು ಮಿಲ್ಡ್ರೆಡ್ ಎಂಬ ಅಡುಗೆಯವಳು. ಹೊಗಳಿಕೆಯ ಹೊತ್ತಿಗೆ ಅವಳು ಆ ಕೋಣೆಯಲ್ಲೇ ಇಲ್ಲ. ಕೋಣೆಯಲ್ಲಿ ಇರುವವರ ಮನಸ್ಸಿನೊಳಕ್ಕೆಲ್ಲ ಇಳಿದು ಬರುವ ಕಾದಂಬರಿ ಮೂರು ದಿನದ ಕೆಲಸವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತದೆ. ಅದನ್ನು ದೋಷವೆಂದು ಹೇಳುವ ಧೈರ್ಯ ನನಗಿಲ್ಲ, ಅದು ನನಗೆ ತುಂಬಾ ಪ್ರಿಯವಾದ ಪುಸ್ತಕ. ಆದರೆ ಈಗ ಓದುವಾಗ ಆ ವಾಕ್ಯದ ಹತ್ತಿರ ನಿಲ್ಲದೆ ಮುಂದೆ ಹೋಗಲು ಆಗುವುದಿಲ್ಲ.

ಅಡುಗೆ ಮಾಡಿದವರು ಯಾರು ಎಂಬ ಈ ಪ್ರಶ್ನೆ ಒಮ್ಮೆ ಬಾಯಿಗೆ ಹತ್ತಿದ ಮೇಲೆ ಬಿಡುವುದಿಲ್ಲ. ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ ಎಂಟು ಭಾಗಗಳ ಗ್ರಂಥವಾದ್ದರಿಂದ ಅದಕ್ಕೆ ನಾವು ಮೂರು ತಿಂಗಳು ಕೊಟ್ಟೆವು. ಮೊದಲ ಭಾಗದಲ್ಲಿ ಒಬ್ಲಾನ್‌ಸ್ಕಿ ತನ್ನ ಗೆಳೆಯ ಲೆವಿನ್‌ನನ್ನು ಹೋಟೆಲಿಗೆ ಕರೆದೊಯ್ದು ಆಯ್ಸ್ಟರ್ ಎಂಬ ಸಮುದ್ರದ ಚಿಪ್ಪುಜೀವಿಯನ್ನು ತರಿಸುತ್ತಾನೆ. ಲೆವಿನ್‌ಗೆ ಬೇಕಾಗಿದ್ದದ್ದು ಎಲೆಕೋಸಿನ ಸೂಪು ಮತ್ತು ಗಂಜಿ. ಸಹಜವಾಗಿಯೇ ಆ ತಿಂಗಳ ಮನೆಯವರು ಲೆವಿನ್‌ನ ಪಕ್ಷ ವಹಿಸಿ ಸೂಪು ಮತ್ತು ಗಂಜಿ ಮಾಡಿದರು, ನಾವು ಅವನ ಸರಳತೆಯನ್ನು ಕೊಂಡಾಡುತ್ತ ಎರಡೆರಡು ಬಟ್ಟಲು ಮುಗಿಸಿದೆವು. ಕೊಂಡಾಟ ಜೋರಾಗಿದ್ದಾಗ ಮನೆಯವರು, ಗಂಜಿಯ ಪಾತ್ರೆಯನ್ನು ಕೆರೆಯುತ್ತಲೇ, ಲೆವಿನ್‌ನ ಹಳ್ಳಿಮನೆಯಲ್ಲಿ ಮನೆವಾರ್ತೆ ನೋಡಿಕೊಳ್ಳಲು ಅಗಾಫ್ಯಾ ಮಿಖೈಲೊವ್ನಾ ಎಂಬ ಮುದುಕಿ ಇದ್ದಾಳೆಂಬುದನ್ನು ನೆನಪಿಸಿದರು. ಸರಳ ಊಟವನ್ನು ಬಯಸುವುದಕ್ಕೂ ಅದನ್ನು ಒಲೆಯ ಮುಂದೆ ನಿಂತು ಕಲಕುವುದಕ್ಕೂ ಎಷ್ಟು ದೂರ ಎಂಬುದು, ಗಂಜಿ ಗಂಟಾಗದಂತೆ ಅರ್ಧ ಗಂಟೆ ಕೈಯಾಡಿಸಿದವರಿಗೆ ಬೇಗ ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ, ಕಾದಂಬರಿಯಲ್ಲಿ ಬರುವ ಖಾದ್ಯವನ್ನೇ ಮಾಡಿ ಬಡಿಸುವುದು ಒಳ್ಳೆಯ ಪದ್ಧತಿಯೆಂದು ನಾನು ವಾದಿಸುತ್ತಿದ್ದೇನೆಂದು ಯಾರಾದರೂ ಭಾವಿಸಬಹುದು. ವಾಸ್ತವದಲ್ಲಿ ಆ ಪದ್ಧತಿ ನಮ್ಮಲ್ಲಿ ಹೆಚ್ಚು ಸಲ ಸೋತಿದೆ. ಕ್ನೂಟ್ ಹ್ಯಾಮ್ಸನ್ ಅವರು 1890ರಲ್ಲಿ ಪ್ರಕಟಿಸಿದ ‘ಹಸಿವು’ ಕಾದಂಬರಿಯಲ್ಲಿ ನಿರೂಪಕ ಕ್ರಿಸ್ಟಿಯಾನಿಯಾದ, ಅಂದರೆ ಇಂದಿನ ಓಸ್ಲೋ ನಗರದ, ಬೀದಿಗಳಲ್ಲಿ ತುತ್ತಿಲ್ಲದೆ ಅಲೆಯುತ್ತ ಮರದ ಚೂರನ್ನೂ ಅಗಿಯುತ್ತಾನೆ. ಆ ತಿಂಗಳು ನಮ್ಮಲ್ಲೊಬ್ಬರು, ಮಧ್ಯಾಹ್ನದ ಊಟ ಬಿಟ್ಟು ಬನ್ನಿ, ಚರ್ಚೆ ಮುಗಿಯುವವರೆಗೆ ಏನನ್ನೂ ಬಡಿಸುವುದು ಬೇಡ ಎಂದು ಸೂಚಿಸಿದರು. ಒಪ್ಪಿದೆವು, ಖಾಲಿ ಹೊಟ್ಟೆಯಲ್ಲಿ ಒಂದೂವರೆ ಗಂಟೆ ಕುಳಿತೆವು. ನನಗೆ ಅದು ಶುದ್ಧ ನಾಟಕವೆನಿಸಿತು. ಆ ಮನುಷ್ಯನಿಗೆ ಮುಂದಿನ ತುತ್ತು ಎಲ್ಲಿಂದ ಎಂಬುದೇ ತಿಳಿಯದು. ನಮಗೆ ಅದು ಪಕ್ಕದ ಕೋಣೆಯಲ್ಲಿ ಮುಚ್ಚಿಟ್ಟಿದೆಯೆಂದು ಗೊತ್ತಿತ್ತು, ಮುಚ್ಚಳದ ಸಂದಿಯಿಂದ ವಾಸನೆಯೂ ಬರುತ್ತಿತ್ತು. ಹಸಿವನ್ನು ಅನುಕರಿಸಲು ಹೊರಟ ನಮಗೆ ದೊರೆತದ್ದು ಸಿಡುಕು ಮಾತ್ರ.

ಇದಕ್ಕಿಂತ ದೊಡ್ಡ ಎಡವಟ್ಟು ಪೈಪೋಟಿಯಿಂದ ಆಯಿತು. ಒಬ್ಬರು ನಾಲ್ಕು ಬಗೆ ಮಾಡಿದರೆ ಮುಂದಿನವರು ಆರು, ಅದರ ಮುಂದಿನವರು ಎಂಟು. ಯಾರೂ ಹೇಳಿಕೊಳ್ಳದಿದ್ದರೂ ಏಣಿ ಏರುತ್ತಲೇ ಇತ್ತು. ನಮ್ಮಲ್ಲಿ ತುಂಬ ಸೂಕ್ಷ್ಮವಾಗಿ ಓದುವ ಒಬ್ಬರು ತಮ್ಮ ಸರದಿ ಹತ್ತಿರವಾದಾಗ ಕೆಲಸದ ಒತ್ತಡವೆಂದು ಎರಡು ತಿಂಗಳು ತಪ್ಪಿಸಿಕೊಂಡರು. ತಮಗೆ ಅಡುಗೆ ಅಷ್ಟಾಗಿ ಬರುವುದಿಲ್ಲ, ಬಂದು ಉಂಡು ಹೋಗುತ್ತಲೇ ಇರುವುದು ಸಂಕೋಚ ಎಂದು ಅವರು ಬಾಯಿಬಿಡುವುದಕ್ಕೆ ಇನ್ನೊಂದು ತಿಂಗಳು ಹಿಡಿಯಿತು. ಆಮೇಲೆ ಯಾವ ಮನೆಯಲ್ಲೂ ಎರಡಕ್ಕಿಂತ ಹೆಚ್ಚು ಬಗೆ ಕೂಡದು ಎಂದು ತೀರ್ಮಾನಿಸಿದೆವು. ಅವರು ಬೇಯಿಸಿದ ಆಲೂಗಡ್ಡೆ, ಈರುಳ್ಳಿ ಸೂಪು ಮತ್ತು ಅಂಗಡಿಯ ಬ್ರೆಡ್ ಇಟ್ಟ ಆ ಸಂಜೆ ನಮ್ಮ ಅತ್ಯುತ್ತಮ ಚರ್ಚೆಗಳಲ್ಲೊಂದು ನಡೆಯಿತು. ಈರುಳ್ಳಿ ಕೆಂಪಗಾಗುವವರೆಗೆ ಬಿಡದೆ ಹುರಿಯಬೇಕಿತ್ತು ಎಂದು ಒಬ್ಬರು ಸಲಹೆ ಕೊಡಲು ಹೊರಟಾಗ ಮೇಜಿನ ಕೆಳಗೆ ಅವರ ಕಾಲಿಗೆ ಒದೆ ಬಿತ್ತು. ಒದ್ದವಳು ನಾನೇ.

ಪುಸ್ತಕದ ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಹತ್ತು ಪುಟ ಓದಿದರೆ ತಿಂಗಳಿಗೆ ಮುನ್ನೂರು ಪುಟ, ಅದಕ್ಕಿಂತ ದೊಡ್ಡದಕ್ಕೆ ಎರಡೋ ಮೂರೋ ತಿಂಗಳು. ಎರಡು ತಿಂಗಳು ಮೊದಲೇ ಹೆಸರು ನಿಶ್ಚಯವಾಗಬೇಕು. ಓದದೆ ಬಂದವರಿಗೂ ಊಟವಿದೆ, ಆದರೆ ಕಥೆಯ ಕೊನೆಯನ್ನು ಅವರಿಂದ ಮುಚ್ಚಿಡುವುದಿಲ್ಲ. ಯಾರಿಗೆ ಯಾವ ಪದಾರ್ಥ ಒಗ್ಗುವುದಿಲ್ಲ ಎಂಬುದನ್ನು ಮಾತ್ರ ಪ್ರತಿ ತಿಂಗಳೂ ಹೊಸದಾಗಿ ಕೇಳಿಕೊಳ್ಳುವುದು ಕ್ಷೇಮ, ನೆನಪನ್ನು ನಂಬಬಾರದು.

ಪಾತ್ರೆ ತೊಳೆಯುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಡುಗೆ ಮಾಡಿದವರು ಅಂದು ಪಾತ್ರೆ ಮುಟ್ಟುವಂತಿಲ್ಲ. ಇಬ್ಬರು ತೊಳೆಯುತ್ತಾರೆ, ಒಬ್ಬರು ಒರೆಸುತ್ತಾರೆ, ಮನೆಯವರು ಸ್ಟೂಲಿನ ಮೇಲೆ ಕುಳಿತು ಯಾವುದು ಎಲ್ಲಿಗೆ ಎಂದು ಹೇಳುತ್ತಾರೆ. ಮೇಜಿನ ಸುತ್ತ ಬಾಯಿ ಬಿಡದವರು ಇಲ್ಲಿ ಮಾತನಾಡುತ್ತಾರೆ. ಎದುರಿನವರ ಮುಖ ನೋಡಬೇಕಾಗಿಲ್ಲ, ಕಣ್ಣು ನೊರೆಯ ಮೇಲಿರುತ್ತದೆ, ಕೈಗೊಂದು ಕೆಲಸವಿರುತ್ತದೆ, ನಲ್ಲಿಯ ಸದ್ದಿನ ಮರೆಯೂ ಇರುತ್ತದೆ. ಬಹುಶಃ ಅದಕ್ಕೇ ಇರಬೇಕು. ಗಂಡನನ್ನು ಬಿಟ್ಟು ಹೋಗುವ ನಾಯಕಿಯ ಕಥೆಯೊಂದನ್ನು ಚರ್ಚಿಸಿದ ರಾತ್ರಿ ಇಡೀ ಹೊತ್ತು ಸುಮ್ಮನಿದ್ದ ಒಬ್ಬರು, ಕೈಯಲ್ಲಿದ್ದ ತಟ್ಟೆಯನ್ನು ಮೂರನೆಯ ಸಲ ಒರೆಸುತ್ತ, ಅವಳು ಹೋದದ್ದಕ್ಕಿಂತ ಅದಕ್ಕೂ ಮೊದಲು ಅಷ್ಟು ವರ್ಷ ಉಳಿದದ್ದೇ ತಮಗೆ ಅರ್ಥವಾಗುವಂಥದ್ದು ಎಂದರು. ನಲ್ಲಿ ನಿಲ್ಲಿಸಿ ಎಲ್ಲರೂ ಅವರ ಕಡೆ ತಿರುಗಿದೆವು. ಅವರು ತಟ್ಟೆಯನ್ನು ಜಾಗಕ್ಕೆ ಇಟ್ಟು ಇನ್ನೊಂದನ್ನು ಎತ್ತಿಕೊಂಡರು.

ಬರುವ ತಿಂಗಳು ಮತ್ತೆ ನನ್ನ ಸರದಿ. ತಳ ಹಿಡಿದ ಆ ಪಾತ್ರೆಯನ್ನು ಎಷ್ಟು ಉಜ್ಜಿದರೂ ನಡುವೆ ಕಪ್ಪು ವೃತ್ತವೊಂದು ಉಳಿದುಬಿಟ್ಟಿದೆ. ಒಂಬತ್ತು ಮಂದಿಗೆ ಸಾಲುವಂಥದ್ದು ನನ್ನ ಹತ್ತಿರ ಅದೊಂದೇ ಇರುವುದರಿಂದ ಈ ಸಲವೂ ಅದೇ. ಆಯ್ಕೆಯಾದ ಕಾದಂಬರಿಯಲ್ಲಿ ನೂರ ಅರವತ್ತು ಪುಟ ಓದಿದ್ದೇನೆ. ಇಷ್ಟರವರೆಗೆ ಮೂರು ಸಲ ಚಹಾ ಬಂದಿದೆ, ಒಂದು ದೊಡ್ಡ ಔತಣವಾಗಿದೆ. ಮಾಡಿದವರು ಯಾರೆಂದು ಎಲ್ಲಾದರೂ ಹೇಳಿದೆಯೇ ಎಂದು ಹಿಂದಿನ ಪುಟಗಳನ್ನು ಮತ್ತೆ ತಿರುವಿ ನೋಡುತ್ತಿದ್ದೇನೆ.