ಪೊಟ್ಟಣದ ಹಿಂಬದಿ

ಮಳೆ ಹಿಡಿದರೆ ಸಾಕು, ನಮ್ಮ ತೀರ್ಥಹಳ್ಳಿ ಕಡೆ ಬಾಯಿ ಸುಮ್ಮನಿರಲ್ಲ. ಸಂಜೆಯಾದರೆ ಏನಾದರೂ ಕುರುಕಲು ಬೇಕು. ಮೊದಲು ಆ ಜಾಗ ಹಲಸಿನ ಹಪ್ಪಳದ್ದಾಗಿತ್ತು. ಈಗ ಅಂಗಡಿ ಬಾಗಿಲಲ್ಲಿ ಸಾಲಾಗಿ ತೂಗಾಡೋ ಪೊಟ್ಟಣಗಳದ್ದು.

ಮಗಳು ಹಟ ಮಾಡಿದಾಗ ಬೇಡ ಅನ್ನೋದಿಲ್ಲ, ಹಿಂಬದಿ ಓದು ಅಂತೀನಿ. ಪದಾರ್ಥಗಳ ಪಟ್ಟಿಯಲ್ಲಿ, ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೀಬೇಕು ಅನ್ನೋದು ನಿಯಮ. ಮುಂದೆ ದೊಡ್ಡ ಮಾವಿನಹಣ್ಣಿನ ಚಿತ್ರ, ಹಿಂದೆ ನೋಡಿದರೆ ನೀರು, ಸಕ್ಕರೆ, ಆಮೇಲೆ ಹಣ್ಣು. "ಅಪ್ಪಾ, ಮಾವು ಮೂರನೇದು!" ಅಂತ ಅವಳೇ ನಗ್ತಾಳೆ. ಆಹಾರಕ್ಕೆ ಬೆರೆಸೋ ವಸ್ತುಗಳಿಗೆ ಕೊಡೋ ಐಎನ್‌ಎಸ್ ಸಂಖ್ಯೆಗಳಲ್ಲಿ 627, 631 ಅಂದರೆ ರುಚಿ ಹೆಚ್ಚಿಸೋ ವಸ್ತುಗಳು ಅನ್ನೋದೂ ಈಗ ಅವಳಿಗೆ ಬಾಯಿಪಾಠ. ಮಗ್ಗಿ ಮಾತ್ರ ಇನ್ನೂ ಆಗಿಲ್ಲ, ಇರಲಿ.

ಪ್ಯಾಕೆಟ್ ಸೂಪಿನ ಬದಲು ತಂಬುಳಿ ಶುರು ಮಾಡಿದ್ದೀವಿ. ಬಾವಿಕಟ್ಟೆ ಹತ್ತಿರದ ಒಂದೆಲಗ ಒಂದು ಹಿಡಿ, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ. ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸಿ, ಒಂದು ಒಗ್ಗರಣೆ ಕೊಟ್ಟರೆ ಮುಗೀತು. ಒಲೆ ಹಚ್ಚೋದು ಹುರಿಯೋಕೆ, ಒಗ್ಗರಣೆಗೆ ಅಷ್ಟೇ.

ಹಾಗಂತ ಮನೇಲಿ ಮಾಡಿದ್ದೆಲ್ಲ ಅಮೃತ ಅನ್ನೋ ಮಾತು ನಾನು ಒಪ್ಪಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪಿಗೇನು ಬರವೇ? ಬಿ.ಪಿ. ಮಾತ್ರೆ ನುಂಗೋ ಅಮ್ಮನಿಗೆ ಇದನ್ನು ಹೇಳಿದೆ. "ಮಿಡಿ ಇಲ್ದೆ ಮೊಸರನ್ನ ಹೆಂಗೆ ಉಣ್ಣೋದು ಮಾರಾಯ?" ಅಂದರು. ಸದ್ಯಕ್ಕೆ ಅರ್ಧ ಮಿಡಿಗೆ ರಾಜಿಯಾಗಿದೆ.