ಎರಡು ಡಿಬಿ ಜಗಳ

ಹಾಡು ಇರುವುದು 3 ನಿಮಿಷ 40 ಸೆಕೆಂಡು. ಅದಕ್ಕೆ ಹಿಡಿದದ್ದು ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಮೂರು ವಾರ ನಾನೂ ನಮ್ಮ ಗಿಟಾರಿಸ್ಟೂ ಮಾತು ಬಿಟ್ಟಿದ್ದೆವು. ದುಡ್ಡಿನ ವಿಷಯಕ್ಕಲ್ಲ, ಹುಡುಗಿಯ ವಿಷಯಕ್ಕೂ ಅಲ್ಲ. ಎರಡು ಡಿಬಿಗೆ. ಅಂದರೆ ಎರಡು ಡೆಸಿಬೆಲ್. ಹಾಡಿನಲ್ಲಿ ನನ್ನ ದನಿ ಅಷ್ಟು ಮೇಲೆ ಕೇಳಬೇಕು ಅಂತ ನಾನು, ಕೂಡದು ಅಂತ ಅವನು.

ನಾವು ನಾಲ್ಕು ಜನ. ಗಿಟಾರಿಸ್ಟ್, ಡ್ರಮ್ಮರ್ ಇಬ್ಬರೂ ಶಿವಮೊಗ್ಗದವರು. ಬಾಸ್ ನುಡಿಸುವವನು ಸಾಗರದವನು. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವನು. ನಮ್ಮ ಕಡೆ ಗಿಟಾರ್ ಚೀಲ ಹೊತ್ತು ಬಸ್ ಹತ್ತಿದರೆ ಕಂಡಕ್ಟರ್ ಕೇಳುವ ಮೊದಲ ಪ್ರಶ್ನೆ, "ಆರ್ಕೆಸ್ಟ್ರಾನಾ?" ಹೌದು ಅಂದುಬಿಡುವುದು ಸುಲಭ. ಆಲ್ಟರ್ನೇಟಿವ್ ರಾಕ್ ಅಂದರೆ ಏನು ಅಂತ ಗಾಜನೂರಿನಿಂದ ಶುರು ಮಾಡಿದರೆ ಮಂಡಗದ್ದೆ ದಾಟಿದರೂ ಮುಗಿಯುವುದಿಲ್ಲ. ಒಂದು ಸಲ ಹೇಳಿ ನೋಡಿದೆ. ಎಲ್ಲ ಕೇಳಿಸಿಕೊಂಡು ಅವರು, "ಅಂದ್ರೆ ಆರ್ಕೆಸ್ಟ್ರಾನೇ ಅಲ್ವಾ" ಅಂದರು.

ಕನ್ನಡಕ್ಕೆ ರಾಕ್ ಹೊಸದಲ್ಲ. ರಘು ದೀಕ್ಷಿತ್, ಸ್ವರಾತ್ಮ ಇವರನ್ನೆಲ್ಲ ಕೇಳಿಯೇ ನಾವು ಬೆಳೆದದ್ದು. ಅವರ ಹಾಡುಗಳಲ್ಲಿ ಜಾನಪದದ ವಾಸನೆ ಜಾಸ್ತಿ. ನಮಗೆ ಬೇಕಾಗಿದ್ದದ್ದು ಬೇರೆ. ಗುನುಗುವ ಹಾಗೆ ಶುರುವಾಗಿ, ಪಲ್ಲವಿಗೆ ಬಂದಾಗ ಒಡಕು ಗಿಟಾರ್ ತಟ್ಟನೆ ಮೈಮೇಲೆ ಬೀಳುವ ಹಾಡು. ಅದರ ವಿಷಯ ಎಲೆಚುಕ್ಕಿ. ಹಾಡಿನ ಹೆಸರೂ ಅದೇ.

ಎಲೆಚುಕ್ಕಿ ಅಂದರೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿಲೀಂಧ್ರದಿಂದ ಬರುವ ರೋಗ. ಅಡಿಕೆ ಸೋಗೆಯ ಮೇಲೆ ಸಣ್ಣ ಸಣ್ಣ ಚುಕ್ಕಿ ಏಳುತ್ತವೆ, ಸುತ್ತ ಹಳದಿ. ಚುಕ್ಕಿಗೆ ಚುಕ್ಕಿ ಕೂಡಿ ಸೋಗೆಯೇ ಸುಟ್ಟ ಹಾಗೆ ಒಣಗುತ್ತದೆ. ಕೊಳೆರೋಗ ಆದರೆ ಆ ವರ್ಷದ ಕಾಯಿ ಹೋಗುತ್ತದೆ, ಬೋರ್ಡೋ ದ್ರಾವಣ ಹೊಡೆದು ಮುಂದಿನ ವರ್ಷ ನೋಡೋಣ ಅನ್ನಬಹುದು. ಇದು ಮರದ ಶಕ್ತಿಯನ್ನೇ ಇಳಿಸುತ್ತದೆ. ದೊಡ್ಡಪ್ಪ ಸಂಜೆ ಜಗಲಿಯಲ್ಲಿ ಕೂತು ತೋಟದ ಕಡೆ ನೋಡುತ್ತ ಏನೂ ಮಾತಾಡದೆ ಇರುತ್ತಿದ್ದರಲ್ಲ, ಅಲ್ಲಿಂದ ಬಂದ ಹಾಡು ಅದು.

ಇಂಗ್ಲಿಷ್ ರಾಕ್ ಕೇಳಿ ಬೆಳೆದವನು ಕನ್ನಡದಲ್ಲಿ ಬರೆಯಲು ಕೂತರೆ ಮೊದಲು ಸಿಗುವ ತೊಂದರೆ ಒಂದಿದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷಿನಲ್ಲಿ ಪದ ಟಕ್ ಅಂತ ಮುಚ್ಚಿಕೊಳ್ಳುತ್ತದೆ, ಸ್ನೇರ್ ಡ್ರಮ್ಮಿನ ಏಟಿನ ಜೊತೆ ಕೂರುತ್ತದೆ. ನಮ್ಮದು ಬಾಗಿಲು ತೆರೆದೇ ಇಟ್ಟುಕೊಂಡು ನಿಲ್ಲುತ್ತದೆ. ನನ್ನ ಮೊದಲ ಪ್ರಯತ್ನಗಳೆಲ್ಲ ಭಾವಗೀತೆಗೆ ಡ್ರಮ್ಸ್ ಹಾಕಿದ ಹಾಗೆ ಕೇಳುತ್ತಿದ್ದವು. ದಾರಿ ತೋರಿಸಿದ್ದು ಒತ್ತಕ್ಷರ. "ಚುಕ್ಕಿ" ಅನ್ನುವಾಗ ಆ "ಕ್ಕಿ" ಇದೆಯಲ್ಲ, ಅದು ತಾನೇ ಒಂದು ಸ್ನೇರ್ ಏಟು. "ಬತ್ತಿ", "ಕಟ್ಟು", "ಒಪ್ಪಲ್ಲ". ಏಟು ಬೀಳುವ ಕಡೆ ಒತ್ತಕ್ಷರ ಇಟ್ಟು, ಎಳೆಯುವ ಕಡೆ ಉದ್ದ ಬರುವ ಪದ ಇಟ್ಟೆ. ಪಲ್ಲವಿಯ ಮೊದಲ ಸಾಲು ಹೀಗಾಯಿತು: "ಸುಳಿಯಲ್ಲಿ ಶುರುವಾಯ್ತು ಹಳದಿ ಚುಕ್ಕಿ". "ಸುಳಿ" ಅಂದರೆ ಮರದ ತುದಿಯ ಎಳೆ ಚಿಗುರು. ಅದನ್ನು ನಾಲ್ಕು ಬೀಟ್ ಎಳೆದರೆ ಆ "ಳಿ" ಗಿಟಾರಿನ ಮೇಲೆ ತೇಲುತ್ತಿತ್ತು. ನನಗೆ ಭಾರೀ ಹೆಮ್ಮೆ.

ಡ್ರಮ್ಸ್ ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಮುಗಿಸಿದೆವು. ಗಂಟೆ ಲೆಕ್ಕದ ಬಾಡಿಗೆ, ಹಾಗಾಗಿ ಊಟಕ್ಕೂ ಸರದಿ. ಉಳಿದದ್ದನ್ನು ಮನೆಯಲ್ಲೇ ಮಾಡುವುದು ಅಂತಾಯಿತು. ಒಂದು ಲ್ಯಾಪ್‌ಟಾಪ್, ಎರಡು ಮೈಕ್ ಸಿಕ್ಕಿಸಬಹುದಾದ ಇಂಟರ್‌ಫೇಸ್, ಸಾಲ ತಂದ ಒಂದು ಕಂಡೆನ್ಸರ್ ಮೈಕ್. ಜಾಗ, ನಮ್ಮ ಮನೆಯ ಅಟ್ಟ.

ಅಟ್ಟದಲ್ಲಿ ಅಡಿಕೆ ಮೂಟೆ ಪೇರಿಸಿತ್ತು. ರೇಟು ಬರಲಿ ಅಂತ ದೊಡ್ಡಪ್ಪ ತಡೆದಿಟ್ಟ, ರಾಶಿ ಇಡಿ ಅನ್ನುವ ದರ್ಜೆಯ ಅಡಿಕೆ. ಮೂರು ಕಡೆ ಮೂಟೆ, ನಡುವೆ ನಾನು, ಎದುರಿಗೆ ಮೈಕ್. ಗೋಣಿಚೀಲ, ಒಳಗೆ ಅಡಿಕೆ. ದನಿ ಹೋಗಿ ಅಲ್ಲೇ ಇಂಗಿಬಿಡುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ಪಟ್ಟಣದಲ್ಲಿ ಫೋಮ್ ಅಂಟಿಸಲು ಸಾವಿರಗಟ್ಟಲೆ ಖರ್ಚು ಮಾಡುತ್ತಾರೆ, ನಮಗೆ ಪುಕ್ಕಟೆ ಸಿಕ್ಕಿತು ಅಂತ ಬೀಗಿದೆ. ಮೊದಲ ಚರಣವೂ ಪಲ್ಲವಿಯೂ ಹಾಗೆ ರೆಕಾರ್ಡ್ ಆಯಿತು. ಆಮೇಲೆ ನನಗೆ ಶೀತ. ಒಂದು ವಾರ ಬಿಟ್ಟು ಅಟ್ಟ ಹತ್ತಿದರೆ ಖಾಲಿ! ರೇಟು ಬಂದಿತ್ತು. ದೊಡ್ಡಪ್ಪ ಅಷ್ಟನ್ನೂ ಮಂಡಿಗೆ ಕಳಿಸಿಬಿಟ್ಟಿದ್ದರು.

ಎರಡನೇ ಚರಣ ಹಾಡಿ ಕೇಳಿದರೆ ಬಾವಿಯೊಳಗೆ ನಿಂತು ಹಾಡಿದ ಹಾಗಿತ್ತು. ಕಂಬಳಿ ಕಟ್ಟಿದೆವು, ಹಾಸಿಗೆ ನಿಲ್ಲಿಸಿದೆವು. ಆಗಲಿಲ್ಲ.

"ದೊಡ್ಡಪ್ಪ, ಇನ್ನೊಂದು ವಾರ ತಡೀಬಾರ್ದಿತ್ತಾ?"

"ನಿನ್ನ ಪದ್ಯಕ್ಕೆ ಅಡಿಕೆ ಇಟ್ಕೊಂಡು ಕೂತ್ಕೊಳ್ಳೋಕೆ ಎಂತ, ನನಗೆ ಬೇರೆ ಕೆಲಸ ಇಲ್ವನಾ?"

ಕೊನೆಗೆ ಹಾಡು ಪೂರ್ತಿ ಮತ್ತೆ ಹಾಡಿದ್ದು ಶಿವಮೊಗ್ಗದ ಅದೇ ಸ್ಟುಡಿಯೋದಲ್ಲಿ. ಉಳಿದದ್ದು ಅಟ್ಟದ ಗಿಟಾರ್ ಮಾತ್ರ.

ದನಿ, ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸುವ ಮಿಕ್ಸಿಂಗಿಗೆ ಕೂತಾಗ ಜಗಳ ಶುರುವಾಯಿತು. ಸ್ಟುಡಿಯೋ ನಡೆಸುವ ಅಣ್ಣ ಭಜನೆ, ಭಾವಗೀತೆ ರೆಕಾರ್ಡ್ ಮಾಡಿ ಕೈ ಪಳಗಿದವರು. ಅವರ ಕೈ ತಾನಾಗಿಯೇ ದನಿಯನ್ನು ಮೇಲೆತ್ತುತ್ತದೆ. "ಸಾಹಿತ್ಯ ಕೇಳ್ಬೇಕಲ್ಲಪ್ಪಾ." ಗಿಟಾರಿಸ್ಟ್ ದನಿ ಏರಿಸಿ ಇಳಿಸುವ ಆ ಫೇಡರ್ ಕೆಳಗೆ ಎಳೆಯುತ್ತಿದ್ದ. ಅವನ ವಾದಕ್ಕೂ ತೂಕ ಇತ್ತು. 1980ರಲ್ಲಿ ಅಮೆರಿಕದ ಅಥೆನ್ಸ್ ಅನ್ನುವ ಊರಲ್ಲಿ ಶುರುವಾದ ಆರ್‌ಇಎಂ ಬ್ಯಾಂಡಿನ ಮೊದಲ ದಿನಗಳ ಹಾಡುಗಳಲ್ಲಿ ಮೈಕಲ್ ಸ್ಟೈಪ್ ಗೊಣಗಿದ್ದು ಎಷ್ಟೋ ಕಡೆ ಅರ್ಥವೇ ಆಗುವುದಿಲ್ಲ. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ಹಾಡಿದ್ದೂ ಹಾಗೆಯೇ. ಆದರೂ ಜನ ಕೇಳಲಿಲ್ವಾ? ದನಿಯೂ ಒಂದು ವಾದ್ಯ, ಅದು ಗಿಟಾರಿನ ಒಳಗೆ ಇರಬೇಕು, ತಲೆಯ ಮೇಲೆ ಕೂರಬಾರದು ಅಂತ ಅವನು.

ನನಗೆ ಅದು ಹಿಡಿಸಲಿಲ್ಲ. ಇದು ದೊಡ್ಡಪ್ಪನ ತೋಟದ ಹಾಡು, ಅವರಿಗೇ ತಿಳಿಯದಿದ್ದರೆ ಯಾರಿಗೆ ಹಾಡುವುದು? ಒಂದು ಸದ್ದು ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡಿಬಿ ಏರಿಸಬೇಕಾಗುತ್ತದೆ. ನಾನು ಕೇಳಿದ್ದು ಬರೀ ಎರಡು. "ಎರಡೇ ಆದ್ರೆ ನೀನೇ ಬಿಡು" ಅಂದ ಅವನು. ಅಲ್ಲಿಗೆ ಮಾತು ನಿಂತಿತು. ಡ್ರಮ್ಮರ್ ಮೂರು ವಾರ ಇಬ್ಬರ ಫೋನನ್ನೂ ಎತ್ತಿ ಅಂಚೆಯವನ ಕೆಲಸ ಮಾಡಿದ.

ಬಿಡಿಸಿದ್ದು ಸ್ಟುಡಿಯೋ ಅಣ್ಣ. ಅವರು ರಾಕ್ ಕೇಳುವವರಲ್ಲ, ಆದರೆ ಕಿವಿ ಇದ್ದವರು. ನಮ್ಮ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದು ಹೆಚ್ಚುಕಮ್ಮಿ 2ರಿಂದ 4 ಕಿಲೋಹರ್ಟ್ಜ್ ನಡುವೆ, ಅಂದರೆ ಸದ್ದಿನ ಚೂಪು ಭಾಗದಲ್ಲಿ. ಒಡಕು ಗಿಟಾರ್ ಕಿರುಚುವುದೂ ಅದೇ ಜಾಗದಲ್ಲಿ. ಅವರು ದನಿಯನ್ನು ಮುಟ್ಟಲೇ ಇಲ್ಲ. ಗಿಟಾರಿನಲ್ಲಿ ಆ ಭಾಗವನ್ನು ಮಾತ್ರ, ಅದೂ ನಾನು ಹಾಡುವಾಗ ಮಾತ್ರ, ಮೂರು ಡಿಬಿ ತಗ್ಗಿಸಿದರು. ತೋಟಕ್ಕೆ ಬಸಿಗಾಲುವೆ ತೆಗೆದ ಹಾಗೆ, ಮಾತು ತಾನೇ ಹರಿದು ಬಂತು. ಗಿಟಾರಿಸ್ಟ್ ಎರಡು ಸಲ ಕೇಳಿದ. ಗಿಟಾರ್ ಕಮ್ಮಿಯಾದದ್ದು ಅವನಿಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ ಅನ್ನಿ, ಇದನ್ನು ಓದುವ ತನಕ.

ಬಿಡುಗಡೆಯ ಕಾಗದದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಅದರಷ್ಟು ಬೇಜಾರಿನದ್ದು ಬೇರೆ ಇಲ್ಲ. 3000 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಚಿತ್ರ ಬೇಕು. ಒಣಗಿದ ಸೋಗೆಯ ಫೋಟೋ ಹಾಕಿದೆವು. ಹಾಡಿಗೆ ಐಎಸ್‌ಆರ್‌ಸಿ ಅಂತ ಹನ್ನೆರಡು ಅಕ್ಷರ-ಅಂಕಿಗಳ ಗುರುತು, ಹಾಡಿನ ಆಧಾರ್ ನಂಬರ್ ಅಂದುಕೊಳ್ಳಿ. ಸ್ಪಾಟಿಫೈಯ ಪ್ಲೇಲಿಸ್ಟ್ ನೋಡಿಕೊಳ್ಳುವವರಿಗೆ ಹಾಡು ತಲುಪಬೇಕಾದರೆ ಕನಿಷ್ಠ ಏಳು ದಿನ ಮೊದಲೇ ಕಳಿಸಬೇಕು. ಬಿಡುಗಡೆ ಶುಕ್ರವಾರ. 2015ರ ಜುಲೈನಿಂದ ಹೊಸ ಹಾಡುಗಳಿಗೆ ಜಗತ್ತಿನಲ್ಲೆಲ್ಲ ಶುಕ್ರವಾರವೇ ಗೊತ್ತಾದ ದಿನ. ಸಿನಿಮಾದ ಹಾಗೆ.

2024ರ ಆಗಸ್ಟ್ 9. ನಾಲ್ವರೂ ನಮ್ಮ ಮನೆಯಲ್ಲಿದ್ದೆವು. ಜಡಿಮಳೆ, ಸಂಜೆಯೇ ಕರೆಂಟ್ ಹೋಗಿತ್ತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ದರೆ ಹತ್ತಿದರೆ ಮಾತ್ರ. ರಾತ್ರಿ ಹನ್ನೆರಡಕ್ಕೆ ಕೊಡೆ, ಟಾರ್ಚ್ ಹಿಡಿದು ಹತ್ತಿದೆವು. ಇಂಬಳ, ಅಂದರೆ ಜಿಗಣೆ, ಹತ್ತಿದ್ದು ಇಳಿದ ಮೇಲೆ ಗೊತ್ತಾಯಿತು. ಫೋನಿನಲ್ಲಿ ನಮ್ಮ ಪುಟ ತೆಗೆದರೆ ಹಾಡೇ ಇಲ್ಲ. ಹೆಸರು ಹುಡುಕಿದೆವು. ಸಿಕ್ಕಿತು. ನಮ್ಮದೇ ಹೆಸರಿನ ಇನ್ಯಾವುದೋ ದೇಶದ ಬ್ಯಾಂಡಿನ ಪುಟದಲ್ಲಿ, ಅವರ ಹಾಡುಗಳ ಸಾಲಿನಲ್ಲಿ, ನಮ್ಮ ಒಣಗಿದ ಸೋಗೆ ಕೂತಿತ್ತು. ಬಾಸ್ ಹುಡುಗ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಹಾಡು ತಲುಪಿಸುವ ಕಂಪನಿಗೆ ಬರೆದು ಸರಿ ಮಾಡಿಸಲು ಐದು ದಿನ ಬೇಕಾಯಿತು. ಆ ಐದು ದಿನ ಆ ಬ್ಯಾಂಡಿನ ಅಭಿಮಾನಿಗಳು ಎಲೆಚುಕ್ಕಿ ಕೇಳಿ ಏನಂದುಕೊಂಡರೋ.

ಇವತ್ತಿಗೆ 612 ಸಲ ಕೇಳಿದ್ದಾರೆ. ವರ್ಷಕ್ಕೆ 1,000 ಸಲ ದಾಟದ ಹಾಡಿಗೆ ಸ್ಪಾಟಿಫೈ 2024ರಿಂದ ದುಡ್ಡು ಲೆಕ್ಕ ಹಾಕುವುದಿಲ್ಲ. ಅಲ್ಲಿಗೆ ಆ ಚಿಂತೆ ಮುಗಿಯಿತು.

ಆ ರಾತ್ರಿ ದರೆ ಹತ್ತಿ ಇಳಿದ ಮಾರನೇ ಬೆಳಿಗ್ಗೆ ಕಡುಬು ತಿನ್ನುತ್ತ ಸ್ಪೀಕರಿನಲ್ಲಿ ಹಾಡು ಹಾಕಿದೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಪೂರ್ತಿ ಕೇಳಿದರು. ಇನ್ನೊಂದು ಸಲ ಹಾಕು ಅಂದರು. ನಾನು ಗಿಟಾರಿಸ್ಟನ ಕಡೆ ಗೆದ್ದವನ ಹಾಗೆ ನೋಡಿದೆ.

"ಮಾತು ತಿಳೀತಾ ದೊಡ್ಡಪ್ಪ?"

"ಹ್ಞೂಂ, ಎಲ್ಲ ತಿಳೀತು. ಸುಳಿಯಲ್ಲಿ ಶುರುವಾಯ್ತು ಅಂದ್ಯಲ್ಲ, ಅದು ತಪ್ಪು ಮಾರಾಯ. ಎಲೆಚುಕ್ಕಿ ಮೊದಲು ಬರೋದು ಅಡಿ ಸೋಗೆಗೆ. ಆಮೇಲೆ ಮೇಲೆ ಹತ್ತೋದು. ತೋಟದ ಮನೆ ಹುಡುಗ ಅಂತ ಹೇಳ್ಬೇಡ ಯಾರ ಹತ್ರನೂ."

ಗಿಟಾರಿಸ್ಟ್ ಬಾಯಲ್ಲಿದ್ದ ಕಡುಬು ನುಂಗಿ ಹೇಳಿದ, "ಅದಕ್ಕೇ ನಾನು ಹೇಳಿದ್ದು, ವಾಯ್ಸ್ ಕೆಳಗಿಡು ಅಂತ."